ನದಿಯಾಚೆಯ ಅಭಿಮಾನಿ

ಕಳೆದ ವರ್ಷ ಗಣೇಶನ ಹಬ್ಬಕ್ಕೆ ನಾನು ಮಾಡಿದ ಬಿಸಿಬೇಳೆ ಭಾತ್ ಆರಿ ಕಲ್ಲಾಯಿತು. ಕಾರಣ, ಬೇಸ್‌ಬಾಲ್.

ಊಟಕ್ಕೆ ಕರೆದಿದ್ದು ಒಂದೇ ಸಂಸಾರವನ್ನು. ಸ್ಟರ್ಲಿಂಗ್ ಹೈಟ್ಸ್‌ನ ಗುರುರಾಜ್, ಅವರ ಹೆಂಡತಿ ಸುನಂದಾ, ಮಗಳು ಅನಘಾ. ಗುರುರಾಜ್ ಹುಬ್ಬಳ್ಳಿಯವರು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಇವರಲ್ಲದೆ ಷಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಿಂದ ನನ್ನ ತಮ್ಮ ಸುಧಿ ಬಂದಿದ್ದ. ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನ ನಮ್ಮ ಮನೆಗೆ ಬಂದರೆ ಅವನು ಮೊದಲು ಹುಡುಕುವುದು ಅಕ್ಕನನ್ನಲ್ಲ, ಟೀವಿ ರಿಮೋಟನ್ನು.

ಸುಧಿ ಷಿಕಾಗೋ ಟೀಮಿನ ಪರ. ಗುರುರಾಜ್ ಮತ್ತು ಅನಘಾ ಡೆಟ್ರಾಯಿಟ್. (ಷಿಕಾಗೋದಲ್ಲಿ ಎರಡು ಟೀಮುಗಳಿವೆ. ಸುಧಿಯದು ಊರಿನ ಉತ್ತರ ಭಾಗದ್ದು. ದಕ್ಷಿಣ ಭಾಗದ್ದರ ಹೆಸರೆತ್ತಿದರೆ ಅವನು ಮಾತು ಬದಲಿಸುತ್ತಾನೆ.) ಸೀಸನ್ ಮುಗಿಯುತ್ತಾ ಬಂದಿತ್ತು. ಯಾರು ಪ್ಲೇಆಫ್‌ಗೆ, ಯಾರು ಮನೆಗೆ ಎಂಬ ಲೆಕ್ಕಾಚಾರದ ದಿನಗಳು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಟೀಮುಗಳನ್ನು ಗುಂಪು ಗುಂಪಾಗಿ ಹಂಚಿರುತ್ತಾರೆ. ಗುಂಪಿನಲ್ಲಿ ಮೊದಲು ಬಂದವರು ನೇರವಾಗಿ ಪ್ಲೇಆಫ್‌ಗೆ, ಅಂದರೆ ಕೊನೆಯ ನಾಕೌಟ್ ಸುತ್ತುಗಳಿಗೆ. ನಿಮ್ಮ ಗುಂಪು ಸಪ್ಪೆಯಾಗಿದ್ದರೆ ಕಡಿಮೆ ಗೆದ್ದರೂ ಒಳಗೆ. ಗುಂಪಿನ ತುಂಬ ಘಟಾನುಘಟಿಗಳಿದ್ದರೆ ಜಾಸ್ತಿ ಗೆದ್ದರೂ ಒಮ್ಮೊಮ್ಮೆ ಹೊರಗೆ.

ಸುಧಿಯ ತಕರಾರು ಇದೇ. "ಗುರಣ್ಣ, ನಿಮ್ಮ ಗ್ರೂಪಲ್ಲಿ ಯಾರಿದಾರೆ ಹೇಳಿ? ಎಲ್ಲಾ ಸೋತು ಸುಣ್ಣ ಆದೋರು. ಅವರನ್ನ ಹೊಡೆದು ಒಳಗೆ ಹೋಗೋದು ದೊಡ್ಡಸ್ತಿಕೆನಾ? ನಮ್ಮ ಗ್ರೂಪಿಗೆ ಬಂದು ಆಡಿ, ಗೊತ್ತಾಗತ್ತೆ!"

"ಏ ತಮ್ಮಾ, ರೂಲ್ ಅಂದ್ರ ರೂಲ್," ಗುರುರಾಜ್ ಕೋಡುಬಳೆಯ ತಟ್ಟೆ ಕೆಳಗಿಟ್ಟರು. "ಯಾವ ಗುಂಪಿನ್ಯಾಗ ಹಾಕ್ಯಾರೋ ಅಲ್ಲೇ ಆಡೂದು. ಗುಂಪು ನಾವೇನ್ ಆರಿಸ್ಕೊಂಡೇವೇನು?"

ಅನಘಾ ಅಪ್ಪನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಡೆಟ್ರಾಯಿಟ್ ಅಂದರೆ ಅವಳಿಗೆ ಪ್ರಾಣ. ಚಿಕ್ಕವಳಿದ್ದಾಗ ಡೇಕೇರ್‌ನಿಂದ ಮನೆಗೆ ಬಂದ ಮೇಲೂ ಅಪ್ಪ ಮಗಳು ಗರಾಜಿನಲ್ಲಿ ಕಾರಿನೊಳಗೇ ಕೂತು ರೇಡಿಯೋ ಕೇಳುತ್ತಿದ್ದರಂತೆ. ಸುನಂದಾ ಬಾಗಿಲು ತೆಗೆದು ಬೈಯುವವರೆಗೂ.

ಆದರೆ ಅವಳು ಹೇಳಿದ್ದೇ ಬೇರೆ. "ಸುಧಿ ಅಂಕಲ್ ಈಸ್ ರೈಟ್, ಅಪ್ಪಾ. ಇಟ್ಸ್ ನಾಟ್ ಫೇರ್." ಆಮೇಲೆ ನಗುತ್ತಲೇ ಸೇರಿಸಿದಳು, "ನಮ್ಮ ಗ್ರೀನ್ ಕಾರ್ಡ್ ಲೈನ್ ಥರಾನೇ. ವಿ ಆರ್ ಇನ್ ದ ಟಫ್ ಡಿವಿಷನ್."

ಎಲ್ಲರೂ ನಕ್ಕೆವು.

ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಹೇಳಬೇಕು. ಇಲ್ಲಿ ಖಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲು ನೀವು ಹುಟ್ಟಿದ ದೇಶದ ಲೆಕ್ಕದಲ್ಲಿ ನಡೆಯುತ್ತದೆ. ಭಾರತದ ಸಾಲು ಉದ್ದ. ಎಷ್ಟು ಉದ್ದ ಎಂದರೆ, ಗುರುರಾಜ್ ಆ ಸಾಲಿಗೆ ಸೇರಿದಾಗ ಅನಘಾ ಫ್ರಾಕ್ ಹಾಕುತ್ತಿದ್ದಳು. ಇಪ್ಪತ್ತೊಂದು ತುಂಬಿದ ಮಕ್ಕಳು ಅಪ್ಪ ಅಮ್ಮನ ವೀಸಾದ ನೆರಳಿನಲ್ಲಿ ಇರುವಂತಿಲ್ಲ. ಅವಳಿಗೆ ಇಪ್ಪತ್ತೊಂದು ಹತ್ತಿರವಾಗಿತ್ತು.

ಮತ್ತು ಸುಧಿ? ಅವನು ಗುರುರಾಜ್‌ಗಿಂತ ಎಷ್ಟೋ ಆಮೇಲೆ ಈ ದೇಶಕ್ಕೆ ಬಂದವನು. ಗ್ರೀನ್ ಕಾರ್ಡ್ ಮಾತ್ರ ಮೊದಲೇ ಬಂತು. ಯಾಕೆ ಗೊತ್ತೇ? ಅವನ ಹೆಂಡತಿ ಹುಟ್ಟಿದ್ದು ಮಸ್ಕತ್‌ನಲ್ಲಿ. ಅವಳಪ್ಪ ಆಗ ಅಲ್ಲಿ ಕೆಲಸದಲ್ಲಿದ್ದರು. ಹೆಂಡತಿ ಹುಟ್ಟಿದ ದೇಶದ ಲೆಕ್ಕ ಗಂಡನಿಗೂ ನಡೆಯುತ್ತದೆ. ಆ ಸಾಲಿನಲ್ಲಿ ಜನವೇ ಇರಲಿಲ್ಲ. ಸಪ್ಪೆ ಗುಂಪನ್ನು ಅಷ್ಟು ಹೊತ್ತು ಆಡಿಕೊಂಡಿದ್ದ ಅವನಿಗೆ ಅದು ಆಗ ಹೊಳೆದಿರಬೇಕು. ಟೀವಿಯ ಸದ್ದು ಕಮ್ಮಿ ಮಾಡಿ, "ಅಕ್ಕ, ಊಟ ಬಡಿಸೇ" ಅಂದ.

ಈ ಬೇಸಿಗೆಯಲ್ಲಿ ಅನಘಾ ಹೋದಳು. ತುಂಬಾ ದೂರವೇನಲ್ಲ. ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್‌ಗೆ. ಕೆನಡಾ! ಅಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿತ್ತು. ಇಲ್ಲೇ ಸ್ಟೂಡೆಂಟ್ ವೀಸಾ ತೆಗೆದುಕೊಳ್ಳಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, "ತಗೋಬಹುದು ಆಂಟಿ. ಬಟ್ ದೆನ್ ವಾಟ್? ಮತ್ತೆ ಅದೇ ಲೈನು, ಅದೂ ಕೊನೆಯಿಂದ" ಅಂದಿದ್ದಳು. ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ?

ಅವರ ಮನೆಯಿಂದ ಮಗಳ ರೂಮಿಗೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಗುರುರಾಜ್, ಸುನಂದಾ ಇಬ್ಬರ ವೀಸಾ ಎಕ್ಸ್‌ಟೆನ್ಷನ್ ಪೆಂಡಿಂಗ್ ಇದೆ. ಅದು ಬರುವವರೆಗೆ ದೇಶ ಬಿಟ್ಟು ಹೊರಗೆ ಕಾಲಿಡಬೇಡಿ ಎಂದು ಲಾಯರ್ ಹೇಳಿದ್ದಾರೆ. ಅನಘಾ ಇತ್ತ ಬರಬೇಕೆಂದರೆ ಅವಳಿಗೆ ವಿಸಿಟರ್ ವೀಸಾ ಬೇಕು. ಅದರ ಇಂಟರ್‌ವ್ಯೂಗೆ ತಾರೀಖು ಸಿಕ್ಕಿರುವುದು ಮುಂದಿನ ವರ್ಷಕ್ಕೆ.

ಕಳೆದ ಭಾನುವಾರ ಗುರುರಾಜ್ ಫೋನ್ ಮಾಡಿದರು. "ಅಕ್ಕಾರ, ಇವತ್ತ ಲಾಸ್ಟ್ ಗೇಮ್. ಗೆದ್ರ ಒಳಗ, ಸೋತ್ರ ಮನೀಗೆ. ನಾವು ನದೀ ದಂಡಿಗೆ ಹೊಂಟೇವಿ. ಅನಘಾ ಆ ಕಡೆ ನಿಂದರ್ತಾಳಂತ. ನೀವೂ ಬರ್ರಿ." ಸುಧಿ ಶನಿವಾರವೇ ನಮ್ಮ ಮನೆಗೆ ಬಂದಿದ್ದ. ಅವನೂ ಹೊರಟ.

ಡೌನ್‌ಟೌನ್‌ನಲ್ಲಿ ನದಿಯ ಪಕ್ಕದ ಕಾಲುದಾರಿ. ಒಳ್ಳೆಯ ಬಿಸಿಲು. ಆಚೆ ದಡದಲ್ಲಿ ಮರ, ಹುಲ್ಲು, ಓಡಾಡುವ ಜನ. ಎಲ್ಲರೂ ಎಳ್ಳಿನಷ್ಟು. ಅವರಲ್ಲಿ ನಮ್ಮ ಹುಡುಗಿ ಯಾರು?

ಸುನಂದಾ ಬ್ಯಾಗಿನಿಂದ ಒಂದು ಸೀರೆ ತೆಗೆದರು. ಕಿತ್ತಳೆ ಬಣ್ಣದ ಹತ್ತಿ ಸೀರೆ. ಡೆಟ್ರಾಯಿಟ್ ಟೀಮಿನದೂ ಅದೇ ಬಣ್ಣ. ಒಂದು ತುದಿ ಗುರುರಾಜ್ ಕೈಗೆ, ಇನ್ನೊಂದು ತುದಿ ಸುಧಿಯ ಕೈಗೆ. ಷಿಕಾಗೋ ಟೋಪಿ ಹಾಕಿಕೊಂಡೇ ಅವನು ಆ ಸೀರೆಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನಿಂತ. ಜಾಗಿಂಗ್ ಮಾಡುತ್ತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

"ಕಾಣ್ತಿದೆ! ಅಮ್ಮಾ, ಐ ಸೀ ಯು! ನಾನು ಬಿಳಿ ಬೆಂಚ್ ಪಕ್ಕ ಇದೀನಿ, ಕೈ ಆಡಿಸ್ತಿದೀನಿ!" ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಅನಘಾ ಕಿರುಚಿದಳು.

ನಮಗೂ ಕಂಡಳು. ಅಂದರೆ, ಕೈ ಆಡಿಸುತ್ತಿದ್ದ ಒಂದು ಚುಕ್ಕೆ ಕಂಡಿತು.

ಅಷ್ಟರಲ್ಲಿ ನಡುವೆ ಒಂದು ಸರಕಿನ ಹಡಗು ಬಂತು. ಎಷ್ಟು ಉದ್ದವೆಂದರೆ ಮುಗಿಯುವುದೇ ಇಲ್ಲ. ಸುನಂದಾ ರೆಪ್ಪೆ ಮಿಟುಕಿಸದೆ ಆ ಹಡಗಿನ ಮೈಯನ್ನೇ ನೋಡುತ್ತಿದ್ದರು, ಅದರಾಚೆ ಮಗಳು ಕಾಣುತ್ತಾಳೇನೋ ಎಂಬಂತೆ. ಹಡಗು ದಾಟಿತು. ಚುಕ್ಕೆ ಅಲ್ಲೇ ಇತ್ತು. ಸುನಂದಾ ಉಸಿರು ಬಿಟ್ಟರು.

ಅಪ್ಪ ಮಗಳು ಇಬ್ಬರೂ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೇಡಿಯೋ ಕಾಮೆಂಟರಿ ಕೇಳುತ್ತಿದ್ದರು. ಅವಳ ಕಡೆ ಆಟ ಕೆಲವು ಸೆಕೆಂಡ್ ಮುಂದಿತ್ತು. ಹಾಗಾಗಿ ಡೆಟ್ರಾಯಿಟ್ ಗೆದ್ದ ಸುದ್ದಿ ನಮಗೆ ಮೊದಲು ಬಂದದ್ದು ರೇಡಿಯೋದಿಂದಲ್ಲ, ಕೆನಡಾದಿಂದ. ಅವಳು ಕೂಗಿದಳು. ಗುರುರಾಜ್ ಕುಣಿದೇಬಿಟ್ಟರು. ಸುಧಿ ಸೀರೆಯನ್ನು ಬಾವುಟದಂತೆ ಬೀಸಿದ. ಸಪ್ಪೆ ಗುಂಪಿನ ಮಾತನ್ನು ಅವನು ಆವತ್ತು ಎತ್ತಲಿಲ್ಲ.

ಆ ಸಂಭ್ರಮದಲ್ಲಿ ಗುರುರಾಜ್ ಫೋನಿಗೆ ಹೇಳಿದರು, "ನಡಿ ಇನ್ನ, ಲಗೂನ ಮನೀಗೆ ಬಾ. ಅಮ್ಮ ಚಪಾತಿ ಮಾಡಿ ಇಟ್ಟಾಳ."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಫೋನು ಹಿಡಿದುಕೊಂಡೇ ಆಚೆ ದಡದ ಕಡೆ ನೋಡಿದರು.

ಆಚೆಯಿಂದ ಬಂತು ಉತ್ತರ. "ಬರ್ತೀನಿ ಅಪ್ಪಾ."

ಸುನಂದಾ ಸೀರೆಯನ್ನು ಮಡಿಸತೊಡಗಿದರು. ಸುಧಿ ತುದಿ ಹಿಡಿದುಕೊಟ್ಟ. ಚುಕ್ಕೆ ಬೆಂಚಿನ ಪಕ್ಕದಿಂದ ಸರಿದು ಜನರಲ್ಲಿ ಸೇರಿಹೋಗುವವರೆಗೂ ಯಾರೂ ಕಾರಿನ ಕಡೆ ಹೊರಳಲಿಲ್ಲ.

ವಾಪಸು ಬರುವಾಗ ರೇಡಿಯೋದಲ್ಲಿ ಹೇಳುತ್ತಿದ್ದರು: ಪ್ಲೇಆಫ್‌ನ ಮೊದಲ ಸುತ್ತು ಗೆದ್ದರೆ ಮುಂದೆ ಕೆನಡಾದ ಟೊರಾಂಟೊ ಟೀಮು ಎದುರಾದರೂ ಆಗಬಹುದು. ಹಾಗಾದರೆ ನಮ್ಮ ಹುಡುಗರು ಕೆನಡಾಗೆ ಹೋಗಿ ಆಡುತ್ತಾರೆ, ಅವರ ಹುಡುಗರು ಇಲ್ಲಿಗೆ ಬಂದು ಆಡುತ್ತಾರೆ. ಎರಡೂ ಟೀಮಿನಲ್ಲಿ ಎಲ್ಲೆಲ್ಲಿಂದಲೋ ಬಂದ ಆಟಗಾರರಿದ್ದಾರೆ. ಯಾರನ್ನೂ ಗಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ.

ಒಂದು ಚೆಂಡಿಗಾಗಿ ಇಷ್ಟು ಸಲೀಸಾಗಿ ತೆರೆಯುವ ಬಾಗಿಲು, ಮನೆಗೆ ಊಟಕ್ಕೆ ಬರುವ ಮಗಳಿಗೆ ಯಾಕೆ ತೆರೆಯುವುದಿಲ್ಲ?