ಬಾಗಿಲ ಬಣ್ಣದ ಚಿತ್ರ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪುಣೆಯ ಅಂಗಡಿಗಳಿಗೆ ವಿಲಾಯತಿ ಬಣ್ಣದ ಟ್ಯೂಬುಗಳು ಬರುವುದು ನಿಂತುಹೋಯಿತು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದೆ. ಬಿಡುವಾದಾಗ ಮನೆಯಲ್ಲಿ ಗುಡ್ಡ, ಗುಡಿ, ಮರಗಳನ್ನು ಬರೆಯುವ ರೂಢಿ. ಬಣ್ಣವಿಲ್ಲದೆ ಕೈ ಕಟ್ಟಿಹಾಕಿದಂತಾಗಿತ್ತು.

ಆ ಬೇಸಿಗೆಯಲ್ಲಿ ನಮ್ಮ ಯಜಮಾನರು ಬಾಗಿಲು, ಕಿಟಕಿಗಳಿಗೆ ಹಚ್ಚಿಸಿ ಉಳಿದ ಹಸಿರು ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಲು ಹೊರಟಿದ್ದರು.

"ಅದನ್ನ ನನಗ ಕೊಡ್ರಿ," ಎಂದೆ.

"ಬಾಗಲದ ಬಣ್ಣದಾಗ ಚಿತ್ರಾ ತಗೀತೀ ಏನು?" ಎಂದು ನಗುತ್ತಲೇ ಕೊಟ್ಟರು.

ಆ ಬಣ್ಣ ನನ್ನ ಮಾತು ಕೇಳಲಿಲ್ಲ. ಎಲೆ ಬರೆಯಹೋದರೆ ಹರಿದು ಹರಡಿಕೊಳ್ಳುತ್ತಿತ್ತು. ದಪ್ಪಗೆ ಸುರಿದಲ್ಲಿ ಮೇಲಿನ ಪದರ ಮೊದಲೇ ಒಣಗಿ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತಿತ್ತು. ಹಲಗೆಗಳನ್ನು ಕೆಡಿಸಿ ಕೆಡಿಸಿ ಕೊನೆಗೆ ಹಟ ಬಿಟ್ಟೆ. ಆ ಸುಕ್ಕು ತನ್ನಷ್ಟಕ್ಕೆ ಬೆಳೆಯಲೆಂದು ಬಿಟ್ಟು, ಪಕ್ಕದಲ್ಲಿ ಸುಣ್ಣಕ್ಕೆ ಅಂಟು ಬೆರೆಸಿ ಬಳಿದೆ. ಹಸಿಯಿರುವಾಗಲೇ ಹೊಳೆಯ ಮರಳು ಉದುರಿಸಿದೆ. ಈಗ ಇಂಥದ್ದನ್ನು ಅಮೂರ್ತ ಚಿತ್ರ ಎನ್ನುತ್ತಾರೆ. ಆಗ ಅದಕ್ಕೆ ಏನೆನ್ನಬೇಕೋ ನನಗೆ ತಿಳಿದಿರಲಿಲ್ಲ. ಯಾವುದರ ಚಿತ್ರವೂ ಅಲ್ಲ, ಆದರೂ ಕಣ್ಣು ಕೀಳಲಾಗುತ್ತಿರಲಿಲ್ಲ.

ನಮ್ಮ ಅತ್ತೆಗೆ ದೃಷ್ಟಿ ಪೂರ್ತಿ ಹೋಗಿತ್ತು. ಧಾರವಾಡದಿಂದ ನಮ್ಮಲ್ಲಿಗೆ ಬಂದ ಮೇಲೆ ನನ್ನ ಒಂದು ಚಿತ್ರವನ್ನೂ ಅವರು ಕಂಡಿರಲಿಲ್ಲ. ಗೋಡೆಗಾನಿಸಿದ್ದ ಆ ಹಲಗೆ ಒಂದು ದಿನ ಅವರ ಕೈಗೆ ತಾಗಿತು. ಅಲ್ಲೇ ಕೂತು ಬೆರಳಾಡಿಸಿದರು.

"ಇಲ್ಲಿ ಭಾಳ ನುಣುಪದ. ಇಲ್ಲಿ ಉಬ್ಬೇದ. ಈ ಮೂಲಿ ಯಾಕ ಹಂಗ ಬಿಟ್ಟೀ?"

ನನಗೂ ಆ ಮೂಲೆ ಸರಿಬಂದಿರಲಿಲ್ಲ. ಅವರೆದುರೇ ಕೂತು ಅಲ್ಲಿಷ್ಟು ಸುಣ್ಣ ಬಳಿದು ಮರಳು ಹಾಕಿದೆ.

ಮಳೆಗಾಲ ಕಳೆದ ಮೇಲೆ ಊರಿನ ಚಿತ್ರಕಾರರು ನಡೆಸಿದ ಪ್ರದರ್ಶನದಲ್ಲಿ ಅದಕ್ಕೆ ಕತ್ತಲೆಯ ಒಂದು ಜಾಗ ಸಿಕ್ಕಿತು. ಅತ್ತೆಯನ್ನು ಟಾಂಗಾದಲ್ಲಿ ಕರೆದೊಯ್ದೆ. ಅವರು ಕೈ ಚಾಚುವುದೇ ತಡ, "ಅಹೋ, ಹಾತ್ ಲಾವೂ ನಕಾ!" ಎನ್ನುತ್ತ ಮೇಲ್ವಿಚಾರಕರು ಓಡಿಬಂದರು. ಚಿತ್ರ ನನ್ನದೇ, ಮುಟ್ಟಲಿ ಬಿಡಿ ಎಂದು ಮರಾಠಿಯಲ್ಲೇ ಹೇಳಿದೆ. ಅವರು ಗೊಣಗುತ್ತ ಹೋದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ, ಸಂಕೋಚದಿಂದ ತಾನೂ ಒಂದು ಬೆರಳಿಟ್ಟಳು. ಆಮೇಲೆ ಇನ್ನೂ ಕೆಲವರು ಬಂದರು. ಅಲ್ಲಿಯವರೆಗೆ ನನ್ನ ಚಿತ್ರಗಳನ್ನು ಜನ ದೂರ ನಿಂತು ಹೊಗಳಿದ್ದರು. ಇಷ್ಟು ಹತ್ತಿರ ಯಾರೂ ಬಂದಿರಲಿಲ್ಲ.

ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಮನೆಗೆ ತಂದಾಗ ಅಲ್ಲಲ್ಲಿ ಮರಳು ಉದುರಿತ್ತು. ತಿದ್ದಲು ಮನಸ್ಸಾಗಲಿಲ್ಲ.

"ಮುಂದಿಂದಕ್ಕ ಏನ ಹಾಕ್ತೀ?" ಅತ್ತೆ ಕೇಳಿದರು.

"ಇನ್ನೂ ಗೊತ್ತಿಲ್ರಿ."

"ಕಟ್ಟಿಗಿ ಪುಡಿ ಹಾಕಿ ನೋಡು."

ಮರುದಿನ ಶಾಲೆ ಬಿಟ್ಟವಳು ನೇರ ಬಡಗಿಯ ಅಂಗಡಿಗೆ ಹೋದೆ.