ಬಕೆಟ್ಟಿನಲ್ಲಿದ್ದ ಕೆಂಪು ಚುಕ್ಕೆಯ ಮರ್ವಾಯಿ

ನಗುವವರು ನಗಲಿ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ. ಉಪ್ಪಿನ ಕಲ್ಲಿನಷ್ಟೂ ಸೇರಿಸಿಲ್ಲ.

ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿಗೆ ವಿಕಿರಣದ ವಸ್ತುವನ್ನು ಅಳೆದು ಬೆರೆಸಿ, ಗಾಜಿನ ತೊಟ್ಟಿಗಳಲ್ಲಿ ಹರಡಿ, ಅದರಲ್ಲಿ ಮರ್ವಾಯಿ ಬಿಡುತ್ತೇವೆ. ಇಲ್ಲಿಯವರು ತಿಸ್ರ್ಯಾ ಎನ್ನುವ ಅದೇ ಚಿಪ್ಪುಮೀನು. ಕೆಸರಿನಿಂದ ಆ ವಸ್ತು ಅವುಗಳ ಮಾಂಸಕ್ಕೆ ಎಷ್ಟು ಇಳಿಯುತ್ತದೆಂದು ನೋಡುವುದು ಕೆಲಸ. ಗುರುತಿಗಾಗಿ ಪ್ರತಿ ಚಿಪ್ಪಿಗೂ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇಟ್ಟವಳು ನಾನೇ.

ಒಂದು ಸಂಜೆ ಕೆಲಸಕ್ಕೆ ಬರುವ ದಾರಿಯಲ್ಲಿ, ಐರೋಲಿ ಮಾರ್ಕೆಟ್ಟಿನಲ್ಲಿ ಮನೆಗೆಂದು ಮರ್ವಾಯಿ ಕೊಂಡಿದ್ದೆ. ಮಗಳು ಅಶ್ವಿನಿ ಬಸುರಿ. "ಮಮ್ಮಿ, ಕಲ್ ಪಕ್ಕಾ ಸುಕ್ಕ ಮಾಡ್ಬೇಕು ಹಾಂ," ಮರುದಿನವೇ ಆ ತೆಂಗಿನತುರಿಯ ಪಲ್ಯ ಆಗಬೇಕೆಂದು ಅವಳ ಹಟ. ನಮ್ಮ ಉಡುಪಿ ಕಡೆ ಮರ್ವಾಯಿಯನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿಟ್ಟು, ಕೆಸರು ಕಕ್ಕಿಸಿಯೇ ಬೇಯಿಸುವುದು. ನನಗೋ ರಾತ್ರಿಪಾಳಿ. ಪ್ರಯೋಗಾಲಯದಲ್ಲೇ, ಚಪ್ಪಲಿ ಬಿಡುವ ಹೊರಕೋಣೆಯಲ್ಲಿ ಬಕೆಟ್ಟಿಗೆ ಹಾಕಿಟ್ಟೆ. ತೊಟ್ಟಿಗಳ ಕೋಣೆಗೂ ಅದಕ್ಕೂ ನಡುವೆ ಎರಡು ಬಾಗಿಲು.

ಜೊತೆಗಿದ್ದ ಮೈಸೂರಿನ ಹುಡುಗ ಸುಧೀರ, ನಮ್ಮ ವಿಜ್ಞಾನಿ, ಇಣುಕಿ ನೋಡಿ ಮೂಗು ಮುಚ್ಚಿಕೊಂಡ.

"ಏನ್ ಶಾರದಕ್ಕ, ಒಳಗಿರೋರ ನೆಂಟರನ್ನ ಹೊರಗೆ ಕೂರಿಸಿದ್ದೀರಾ?"

"ಬದನೆಕಾಯಿ ತಿನ್ನುವವರಿಗೆ ಇದರ ರುಚಿ ಎಂತ ಗೊತ್ತು ಮಾರಾಯ್ರೆ!"

ನಡುರಾತ್ರಿ ಕಳೆದ ಮೇಲೆ ಕರೆಂಟು ಹೋಯಿತು. ಜನರೇಟರ್ ಹೊತ್ತಿಕೊಳ್ಳಲಿಲ್ಲ. ಸುಧೀರ ಕೆಳಗೆ ಓಡಿದ. ಗಾಳಿಯ ಪಂಪುಗಳು ನಿಂತು, ತೊಟ್ಟಿಗಳ ಗುಳುಗುಳು ಅಡಗಿ... ಕೋಣೆಯಿಡೀ ಸ್ತಬ್ಧ.

ಆಗ ಕೇಳಿಸಿತು. ಟಕ್ ಟಕ್... ಟಕ್.

ಟಾರ್ಚ್ ಹಾಕಿದೆ. ಸದಾ ಕೆಸರಿನೊಳಗೆ ಹೂತಿರುವ ಮರ್ವಾಯಿಗಳೆಲ್ಲ ಮೇಲೆ ಬಂದು, ಬಾಯಿ ಬಿಗಿದುಕೊಂಡು ಬಿದ್ದಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ಸದ್ದು ಅಲ್ಲಿಯದಲ್ಲ... ಹೊರಕೋಣೆಯದು.

ಎರಡನೆಯ ಬಾಗಿಲು ತೆರೆಯುತ್ತಲೇ ಖಾಡಿಯ ಕೊಳೆತ ಕೆಸರಿನ ವಾಸನೆ ರಪ್ಪನೆ ಬಡಿಯಿತು. ಸಂಜೆಯೇ ನೀರು ಬದಲಿಸಿ ಮೂರು ಸಲ ತೊಳೆದಿದ್ದೆನಲ್ಲ! ಬಕೆಟ್ಟಿನಲ್ಲಿ ಎಲ್ಲ ಚಿಪ್ಪುಗಳೂ ಮುಚ್ಚಿದ್ದವು, ಒಂದನ್ನು ಬಿಟ್ಟು. ಅದು ಬಾಯಿ ತೆರೆದು ಮುಚ್ಚುತ್ತಿತ್ತು. ಟಕ್ ಟಕ್... ಟಕ್.

ಅದರ ಬೆನ್ನ ಮೇಲೆ ಕೆಂಪು ಚುಕ್ಕೆ.

"ಕೈ ಹಾಕ್ಬೇಡಿ ಅಕ್ಕ!" ಹಿಂದೆ ಸುಧೀರನ ದನಿ. ವಿಕಿರಣ ಪತ್ತೆಹಚ್ಚುವ ಯಂತ್ರ ತಂದು ಬಕೆಟ್ಟಿಗೆ ಹಿಡಿದ. ಅದು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯಿತು.

ಕರೆಂಟು ಬಂದ ಮೇಲೆ ತೊಟ್ಟಿಗಳನ್ನು ನೋಡಿದೆವು. ಮುಚ್ಚಳಗಳು ಬಿಗಿಯಾಗಿಯೇ ಇದ್ದವು. ಒಳಗಿನ ಮರ್ವಾಯಿ ಒಂದೂ ಕಡಿಮೆಯಾಗಿರಲಿಲ್ಲ.

"ಹಾಗಾದ್ರೆ ಇದು... ಯಾವುದಕ್ಕ?" ಸುಧೀರ ಪಿಸುಗುಟ್ಟಿದ.

ಬಕೆಟ್ ಸಮೇತ ಎಲ್ಲವನ್ನೂ ವಿಕಿರಣ ತ್ಯಾಜ್ಯದ ಡ್ರಮ್ಮಿಗೆ ಹಾಕಿ ಮುಚ್ಚಿದೆವು. ಮಗಳಿಗೆ, ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ ಎಂದೆ. ಅವಳು ಎರಡು ದಿನ ಮುನಿಸಿಕೊಂಡಿದ್ದಳು. ಇರಲಿ, ಅವಳ ಹೊಟ್ಟೆಗೆ ಅದು ಹೋಗಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಮೊಮ್ಮಗು ಹುಟ್ಟಿದೆ. ಗುಂಡುಗುಂಡಾಗಿದೆ, ಡಾಕ್ಟರ್ ಏನೂ ತೊಂದರೆಯಿಲ್ಲ ಎಂದಿದ್ದಾರೆ. ಈಚೆಗೆ ನಾಲಿಗೆಯಲ್ಲಿ ಸದ್ದು ಮಾಡಲು ಕಲಿತಿದೆ. ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ಮಾತ್ರ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತೇನೆ.

ನೀರಿನ ಸದ್ದಿನ ನಡುವೆಯೂ ಕೇಳಿಸುತ್ತದೆ... ಟಕ್ ಟಕ್... ಟಕ್.