ನೀರಕ್ಕ ಕುಡಿಯದ ನೀರು

ಕಳೆದ ತಿಂಗಳು ತೀರಿಕೊಂಡ ನನ್ನ ಗೆಳತಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಚಪ್ಪಲಿ ಅಂಗಡಿಯ ಮೇಲಿನ ಒಂದೇ ಕೋಣೆ, ಮೂರು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಪಕ್ಕದ ಬೀದಿಯಲ್ಲೇ ಮನೆಯಿದ್ದ ಅವಳ ತಂಗಿಯೇ ಸಹಾಯಕಿ. ಮುಖ ಕಳೆಗುಂದಿದೆ ಎಂದು ಯಾರೇ ಬಂದರೂ ಗೆಳತಿ ಮೊದಲು ಅವರ ಕೆನ್ನೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಟ್ಟು ನೋಡುತ್ತಿದ್ದಳು. ಆಮೇಲೆ ಒಂದು ಲೋಟ ನೀರು ಕೊಡುತ್ತಿದ್ದಳು. ಲೋಟ ಖಾಲಿಯಾಗುವ ತನಕ ಕೆಲಸ ಶುರುವಿಲ್ಲ.

“ಕ್ರೀಮ್ ಹಚ್ಚಿಸ್ಕೊಳ್ಳೋಕೆ ಬಂದ್ರೆ ನೀರು ಕುಡಿಸ್ತೀರಲ್ರೀ?” ಎಂದು ಒಬ್ಬಾಕೆ ಗೊಣಗಿದಾಗ, “ಬೇರಿಗೆ ನೀರು ಹಾಕ್ದೆ ಎಲೆ ಒರೆಸ್ತಾ ಕೂತ್ರೆ ಗಿಡ ಬದುಕುತ್ತೇನಮ್ಮ?” ಅಂದಿದ್ದಳು. ಗಿರಾಕಿಗಳು ಅವಳಿಗೆ ನೀರಕ್ಕ ಎಂದು ಹೆಸರಿಟ್ಟರು.

ನೀರಕ್ಕ ಮಾತ್ರ ಕುಡಿಯುತ್ತಿರಲಿಲ್ಲ. ಕಟ್ಟಡಕ್ಕೆಲ್ಲ ಇದ್ದದ್ದು ಒಂದೇ ಟಾಯ್ಲೆಟ್, ಕೆಳಗೆ, ಚಪ್ಪಲಿ ಅಂಗಡಿಯ ಹಿಂದೆ. ಅದರ ಬೀಗದಕೈ ಅಂಗಡಿಯವನ ಗಲ್ಲಾದ ಪಕ್ಕದ ಮೊಳೆಯಲ್ಲಿ. ಪಾರ್ಲರ್ ತೆರೆದ ಹೊಸದರಲ್ಲಿ ಒಂದು ಮಧ್ಯಾಹ್ನ ಅವಳು ಎರಡನೇ ಸಲ ಬೀಗದಕೈ ಕೇಳಿದಾಗ ಅವನು, “ಏನಕ್ಕಾ, ಮೇಲೆ ಕೆರೆ ಗಿರೆ ತೋಡಿಸಿದೀರಾ?” ಅಂದ. ಚಪ್ಪಲಿ ಹಾಕಿ ನೋಡುತ್ತಿದ್ದ ಗಂಡಸರು ನಕ್ಕರು. ಅವನು ಕೆಟ್ಟವನಲ್ಲ, ಬಾಯಿ ಸಡಿಲ, ಅಷ್ಟೆ. ಇವಳು ಮರ್ಯಾದೆಗೆ ಅಂಜುವವಳು. ತಂಗಿ ಬೇಕಾದಾಗ ತನ್ನ ಮನೆಗೆ ಹೋಗಿಬರುತ್ತಿದ್ದಳು; ಇವಳಿಗೆ ಕುರ್ಚಿಯಲ್ಲಿ ಕೂತ ಗಿರಾಕಿಯನ್ನು ಬಿಟ್ಟು ಹಾಗೆ ಹೋಗಲೂ ಸಂಕೋಚ. ಅಂದಿನಿಂದ ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಬಾಯಿ ಮುಕ್ಕಳಿಸಿ ಬೇಸಿನ್ನಿಗೆ ಉಗಿಯುತ್ತಿದ್ದಳೇ ಹೊರತು ಒಂದು ಗುಟುಕೂ ನುಂಗುತ್ತಿರಲಿಲ್ಲ. ಬಾಯಿ ಒದ್ದೆಯಾದರೆ ಮೈಯೂ ಸುಮ್ಮನಿರುತ್ತದೆ ಎಂದುಕೊಂಡಿದ್ದಳು. ಒಡೆದ ತುಟಿಗೆ ಬಣ್ಣ, ಒಣಗಿದ ಕೆನ್ನೆಗೆ ಪೌಡರ್.

ವರ್ಷಗಳು ಹೀಗೇ ಕಳೆದವು. ಉರಿಮೂತ್ರ, ಜ್ವರ, ಸೊಂಟನೋವು ಬಂದುಹೋಗುತ್ತಿದ್ದವು. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿ ಕೆಲಸಕ್ಕೆ ನಿಲ್ಲುತ್ತಿದ್ದಳು. ನಾನು ಕೇಳಿದರೆ, “ದಿನವಿಡೀ ನಿಂತಿರೋರಿಗೆ ಸೊಂಟ ನೋಯ್ದೆ ಇನ್ನೇನು ಹಲ್ಲು ನೋಯುತ್ತೇನೇ?” ಅನ್ನುತ್ತಿದ್ದಳು. ಕಡೆಗೆ ಕಾಲು, ಕಣ್ಣಿನ ರೆಪ್ಪೆ ಊದಿಕೊಂಡಾಗ ನಾನೂ ತಂಗಿಯೂ ಆಸ್ಪತ್ರೆಗೆ ಕರೆದೊಯ್ದೆವು. ಮತ್ತೆ ಮತ್ತೆ ಬಂದ ಸೋಂಕು ಎರಡೂ ಮೂತ್ರಪಿಂಡಗಳನ್ನು ಕೆಡಿಸಿತ್ತು.

ಡಯಾಲಿಸಿಸ್ ಶುರುವಾಯಿತು. ಈಗ ಕುಡಿಯಲು ಸಂಕೋಚವಿರಲಿಲ್ಲ, ಅಪ್ಪಣೆಯಿರಲಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಪಕ್ಕದ ಹಾಸಿಗೆಯವರ ಸೊಸೆ ಬಾಟಲಿ ಎತ್ತಿ ಗಟಗಟ ಕುಡಿಯುವಾಗ ಇವಳು ಆ ಗಂಟಲನ್ನೇ ನೋಡುತ್ತಿದ್ದಳು.

“ಹಂಗ್ ನೋಡ್ಬೇಡ ಕಣೇ, ಆ ಹುಡುಗೀಗೆ ದೃಷ್ಟಿಯಾದೀತು,” ಎಂದೆ.

“ಆಗ್ಲಿ ಬಿಡೇ. ಚರ್ಮ ನೋಡು, ಹೆಂಗ್ ಹೊಳೀತಿದೆ,” ಅಂದಳು.

ಕೊನೆಯ ವಾರ ತಂಗಿ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು.

“ಅಕ್ಕಾ, ಬಿಲ್ಡಿಂಗ್ ಓನರ್ ಒಪ್ಕೊಂಡ್ರು. ಪಾರ್ಲರ್ ಮೂಲೇಲಿ ನಮ್ದೇ ಟಾಯ್ಲೆಟ್ ಕಟ್ಟಿಸ್ತಿದೀನಿ.”

“ಮೂರನೇ ಕುರ್ಚಿ?”

“ತೆಗೆದ್ಬಿಟ್ಟೆ.”

ನೀರಕ್ಕನಿಗದು ಹಿಡಿಸಲಿಲ್ಲ. “ಕನ್ನಡಿ ಎದುರಿಗೆ ಬಾಗಿಲಿಡಿಸ್ಬೇಡ. ಯಾರು ಒಳಗೆ ಹೋದ್ರೂ ಎಲ್ರಿಗೂ ಕಾಣುತ್ತೆ,” ಅಂದಳು.

“ಕಂಡ್ರೆ ಕಾಣ್ಲಿ ಬಿಡಕ್ಕಾ.”

ಟಾಯ್ಲೆಟ್ಟಿನ ಗೋಡೆ ಇನ್ನೂ ಅರ್ಧ ಎದ್ದಿದ್ದಾಗ ನೀರಕ್ಕ ಹೋಗಿಬಿಟ್ಟಳು. ಮೊನ್ನೆ ಪಾರ್ಲರ್‌ಗೆ ಹೋಗಿದ್ದೆ. ತಂಗಿ ಬಾಗಿಲನ್ನು ಕನ್ನಡಿಯ ಎದುರಿಗೇ ಇಡಿಸಿದ್ದಾಳೆ.